ಚಿಗವ್ವ ಕಂಪ್ರೆಸರ್ ಕೊಂಡದ್ದು

ಬಾಗಲಕೋಟೆಯಲ್ಲಿ ಯಂತ್ರಸಾಮಾನು ಮಾರುವ ಅಂಗಡಿಯವರೆಲ್ಲ ಒಬ್ಬ ಹೆಣ್ಣುಮಗಳಿಗೆ ಹೆದರುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಆದರೆ ಮುಂದಿನ ಸಲ ಆ ಸಾಲಿನಲ್ಲಿ ಹೋದಾಗ, ಇಳಕಲ್ ಸೀರೆ ಉಟ್ಟು ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡ ಒಬ್ಬರು ಈ ಕಡೆ ಬರುತ್ತಿದ್ದಾರೆ ಎಂದು ಸುಮ್ಮನೆ ಕೂಗಿ ನೋಡಿ. ಇಬ್ಬರಾದರೂ ಶಟರ್ ಎಳೆಯದಿದ್ದರೆ ನನ್ನನ್ನು ಕೇಳಿ.

ಆ ಹೆಣ್ಣುಮಗಳು ನಮ್ಮ ಚಿಗವ್ವ, ಅಂದರೆ ನಮ್ಮ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಹುನಗುಂದ ತಾಲೂಕಿನ ದವಾಖಾನೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿ ದುಡಿದು, ನಿವೃತ್ತಳಾಗಿ ನವನಗರದ ಮನೆಗೆ ಬಂದು ನೆಲೆಸಿದವಳು. ನಿವೃತ್ತರಾದವರು ಏನು ಮಾಡುತ್ತಾರೆ? ವಚನ ಹಾಡುವ ಕೂಟಕ್ಕೆ ಹೋಗುತ್ತಾರೆ, ಶಾವಿಗೆ ಮಾಡುತ್ತಾರೆ, ಸೊಸೆಯಂದಿರ ತಪ್ಪು ಎಣಿಸುತ್ತಾರೆ. ಚಿಗವ್ವ ಇದ್ಯಾವುದನ್ನೂ ಮಾಡಲಿಲ್ಲ. ತನ್ನ ಗಂಡನ, ಅಂದರೆ ನಮ್ಮ ಕಾಕಾನ, ಕಾರನ್ನು ಶೆಡ್ಡಿನಿಂದ ಹೊರಗೆ ಹಾಕಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದಳು. ಶೆಡ್ಡಿನಲ್ಲಿ ಸ್ಪ್ಯಾನರು, ಗರಗಸ, ಸುತ್ತಿಗೆಗಳನ್ನು ಆಪರೇಷನ್ ಥಿಯೇಟರಿನಂತೆ ಸಾಲಾಗಿ ಜೋಡಿಸಿದಳು. ಒಂದೊಂದನ್ನೂ ಡೆಟಾಲ್ ಹಾಕಿ ತೊಳೆದಿದ್ದಳು. ಸುತ್ತಿಗೆಯನ್ನು ಡೆಟಾಲಿನಲ್ಲಿ ತೊಳೆದವರನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ನನಗೆ ತಿಳಿಸಿ.

ಮೊದಮೊದಲು ಮನೆಯ ಹಳೆಯ ಕಬ್ಬಿಣಕ್ಕೆಲ್ಲ ಕುಂಚದಿಂದ ಬಣ್ಣ ಬಳಿಯುತ್ತಿದ್ದಳು. ಆದರೆ ಬಣ್ಣ ಒಣಗಿದ ಮೇಲೆ ಕುಂಚದ ಗೆರೆಗಳು ಕಾಣುತ್ತಿದ್ದವು. ಅದು ಅವಳಿಗೆ ಸಹಿಸಲಾರದ ಸಂಕಟ. ಒಂದು ದಿನ ಪಕ್ಕದ ಮನೆಯವರು ತಮ್ಮ ಸ್ಕೂಟರಿಗೆ ಗ್ಯಾರೇಜಿನಲ್ಲಿ ಸ್ಪ್ರೇ ಮಾಡಿಸಿಕೊಂಡು ಬಂದರು. ಚಿಗವ್ವ ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿ, ಮೂಗು ಹತ್ತಿರ ಒಯ್ದು ನೋಡಿ, ಓಡೋಡಿ ನಮ್ಮ ಮನೆಗೆ ಬಂದಳು.

"ತಮ್ಮಾ! ಒಂದ ಗೆರಿ ಇಲ್ಲೋ! ಹಾಲಿನ ಕೆನಿ ಇದ್ದಂಗ ಐತಿ!"

"ಯಾವುದು ಚಿಗವ್ವ?"

"ಬಣ್ಣ! ಗಾಳೀಲೆ ಹೊಡದಾರ. ಅಷ್ಟ ಅಲ್ಲ, ಗ್ಯಾರೇಜಿನಾಂವ ಹೇಳಿದ, ಅದ ಗಾಳೀಲೆ ಉಸುಕ ಹೊಡದರ ತುಕ್ಕು ಹತ್ತ ನಿಮಿಷದಾಗ ಹಾರಿ ಹೋಗತೈತಂತ. ನಾ ಮೂರ ದಿನಾ ಎಮರಿ ಪೇಪರ್ ತಿಕ್ಕಿ ತಿಕ್ಕಿ ರಟ್ಟಿ ಮುರಕೊಂಡೇನಿ. ಏಳ, ಸ್ಕೂಟರ್ ತಗಿ. ಕಂಪ್ರೆಸರ್ ನೋಡಾಕ ಹೋಗೂಣು."

ನಾನು ನವನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಬಳಿ ಒಂದು ಸ್ಕೂಟರ್ ಇದೆ. ಚಿಗವ್ವನ ಲೆಕ್ಕದಲ್ಲಿ ನನ್ನ ಯೋಗ್ಯತೆ ಈ ಎರಡನೆಯದು ಮಾತ್ರ. ಎದ್ದೆ.

ಮೊದಲ ಅಂಗಡಿಯವನು ಬಹಳ ಮರ್ಯಾದೆಯಿಂದ ಬರಮಾಡಿಕೊಂಡ.

"ಬರ್ರಿ ಅಕ್ಕಾರ. ಸಾಹೇಬ್ರು ಬರಲಿಲ್ಲೇನ್ರಿ?"

"ಸಾಹೇಬ್ರು ಮನ್ಯಾಗ ಮಲಗ್ಯಾರ. ಅವರನ್ನ ಎಬ್ಬಿಸೋದು ಬ್ಯಾಡ. ಕಂಪ್ರೆಸರ್ ನನಗ ಬೇಕು."

"ಗಾಲಿಗೆ ಗಾಳಿ ಹಾಕಾಕೇನ್ರಿ?"

"ಅಲ್ರಿ. ಬಣ್ಣ ಹೊಡಿಯಾಕ. ಆಮ್ಯಾಲ ಉಸುಕ ಹೊಡಿಯಾಕ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ನಿಟ್ಟುಸಿರು ಬಿಟ್ಟು ಒಂದು ಮಧ್ಯಮ ಗಾತ್ರದ ಯಂತ್ರವನ್ನು ಚಾಲೂ ಮಾಡಿದ. ಅದು ಧಡಧಡ ಎನ್ನತೊಡಗಿದ್ದೇ ತಡ, ಚಿಗವ್ವ ಚೀಲದಿಂದ ಸ್ಟೆತಾಸ್ಕೋಪು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ಅದರ ತುದಿಯನ್ನು ಯಂತ್ರದ ಎದೆಗೆ ಇಟ್ಟಳು! ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಆಮೇಲೆ ಬೆನ್ನಿನ ಕಡೆ. ಅಂಗಡಿಯ ಮುಂದೆ ಹತ್ತು ಜನ ನೆರೆದರು. ಅವರಲ್ಲಿ ಒಬ್ಬ "ಸೀರಿಯಸ್ ಐತೇನ್ರಿ?" ಎಂದು ನನ್ನನ್ನು ಕೇಳಿದ.

"ಬಂದ್ ಮಾಡ್ರಿ," ಅಂದಳು ಚಿಗವ್ವ. ಯಂತ್ರ ನಿಂತಿತು. ಅವಳು ಇನ್ನೂ ಕೇಳುತ್ತಲೇ ಇದ್ದಳು. "ನಿಂತ ಮ್ಯಾಲೂ ಸುಂಯ್ ಅನ್ನಾಕತ್ತೈತಿ. ಇದಕ್ಕ ಉಬ್ಬಸ ಐತ್ರಿ."

"ಹೊಸಾ ಮಷೀನ್ ಅಕ್ಕಾರ! ಉಬ್ಬಸ ಹೆಂಗ ಬರತೈತ್ರಿ?"

"ಸಾಬಾಣದ ನೀರು ತರ್ರಿ."

ಸಾಬೂನು ನೀರು ಬಂತು. ಚಿಗವ್ವ ವಾಲ್ವಿನ ಬುಡಕ್ಕೆ ಹನಿಸಿದಳು. ಬುಳಬುಳ ಗುಳ್ಳೆ ಎದ್ದವು! ನೆರೆದವರು ಚಪ್ಪಾಳೆ ತಟ್ಟಿದರು. ಅಂಗಡಿಯವನ ಮುಖ ಕೆಂಪಾಗಿ, ಹಣೆಯಲ್ಲಿ ಬೆವರು ಮೂಡಿತು. ಚಿಗವ್ವ ಅದನ್ನೂ ಬಿಡಲಿಲ್ಲ. ಚೀಲದಿಂದ ಬಿಪಿ ನೋಡುವ ಪಟ್ಟಿ ತೆಗೆದು ಅವನ ತೋಳಿಗೆ ಸುತ್ತಿಯೇಬಿಟ್ಟಳು. ಗಾಳಿ ಒತ್ತಿ, ಇಳಿಸಿ, ತಲೆ ಅಲ್ಲಾಡಿಸಿ ಹೇಳಿದಳು:

"ಮಷೀನಿಂದು ಏನ ಚಿಂತಿ ಇಲ್ಲ, ಒಂದ ವಾಲ್ವ್ ಬದಲಿ ಮಾಡ್ರಿ. ನೀವು ಮಾತ್ರ ನಾಳೆ ಮುಂಜಾನೆ ಖಾಲಿ ಹೊಟ್ಟೀಲೆ ದವಾಖಾನಿಗೆ ಹೋಗ್ರಿ."

ಹೀಗೆ ಆರು ಅಂಗಡಿ ಆದವು. ಪ್ರತಿಯೊಂದು ಯಂತ್ರಕ್ಕೂ ಅವಳ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ: ನಾಡಿ, ಮೈಶಾಖ, ಕೆಮ್ಮು, ನಡುಕ. ಒಂದರ ಮುಂದೆ "ಎರಡು ದಿನ ಇಟ್ಟು ನೋಡಬೇಕು" ಎಂದೂ ಬರೆದಿದ್ದಳು. ಆದರೆ ಅಂಗಡಿಯವರೆಲ್ಲ ಹೇಳುವುದು ಒಂದೇ ಮಾತು: ಇದು ಒಂದು ಎಚ್‌ಪಿ, ಅದು ಎರಡು ಎಚ್‌ಪಿ. ಎರಡು ದೊಡ್ಡದು, ಒಂದು ಸಣ್ಣದು. ಅಷ್ಟು ಶಾಲೆಯ ಹುಡುಗರಿಗೂ ಗೊತ್ತು! ಮನೆಯ ಬಣ್ಣಕ್ಕೆ ಎಷ್ಟು ಬೇಕು, ಉಸುಕಿಗೆ ಎಷ್ಟು ಬೇಕು ಎಂದರೆ ಎಲ್ಲರೂ ಗಂಟಲು ಸರಿಪಡಿಸಿಕೊಂಡು ಚಹಾ ತರಿಸುತ್ತಿದ್ದರು.

ಕೊನೆಗೆ ಯಾರೋ ಬಾದಾಮಿಯ ಒಬ್ಬ ಹಿರಿಯರ ಹೆಸರು ಹೇಳಿದರು. ಟ್ರ್ಯಾಕ್ಟರು, ಟ್ರೇಲರುಗಳಿಗೆ ಬಣ್ಣ ಹೊಡೆಯುವವರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ. ರವಿವಾರ ರೈಲು ಹತ್ತಿದೆವು. ಬಾದಾಮಿಯಲ್ಲಿ ಇಳಿದು ಊರೊಳಗೆ ಬಂದು ಹತ್ತು ಹೆಜ್ಜೆ ನಡೆದಿರಲಿಲ್ಲ, ಒಂದು ಮಂಗ ಚಿಗವ್ವನ ಕೊರಳಿನಿಂದ ಸ್ಟೆತಾಸ್ಕೋಪು ಕಿತ್ತುಕೊಂಡು ಗೋಡೆ ಏರಿತು. ನಾನು ಕಲ್ಲು ಹುಡುಕಿದೆ, ಚಿಗವ್ವ ಬಾಳೆಹಣ್ಣು ಹುಡುಕಿದಳು. ಅಷ್ಟರಲ್ಲಿ ಮಂಗ ಅದನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ತಲೆ ಓರೆ ಮಾಡಿ, ಬಹಳ ಗಂಭೀರವಾಗಿ ಕೂತಿತ್ತು. ಹಣ್ಣು ಕೊಟ್ಟು ಬಿಡಿಸಿಕೊಂಡ ಮೇಲೆ ಚಿಗವ್ವ ಅಂದಳು: "ಖರೆ ಹೇಳ್ತೇನಿ ತಮ್ಮಾ, ನಮ್ಮ ಕಡೆ ಟ್ರೇನಿಂಗಿಗೆ ಬರ್ತಿದ್ದ ಎಷ್ಟೋ ಮಂದಿಗಿಂತ ಬರೋಬ್ಬರಿ ಹಿಡದಿತ್ತು."

ಚಾಚಾ ಒಂದು ನೀಲಿ ಟ್ರೇಲರಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಚಿಗವ್ವನ ಆರು ಪುಟ ಕೇಸ್‌ಪೇಪರನ್ನು ತಾಳ್ಮೆಯಿಂದ ನೋಡಿ, ನೋಟ್‌ಬುಕ್ ಮುಚ್ಚಿ ಕೊಟ್ಟರು.

"ಬಾಯಾರ, ಎಚ್‌ಪಿ ಆಮ್ಯಾಲ. ಟ್ಯಾಂಕ್ ಆಮ್ಯಾಲ. ಒಂದ ನಿಮಿಷಕ್ಕ ಎಷ್ಟ ಗಾಳಿ ಕೊಡತೈತಿ? ಮೊದಲ ಅದನ್ನ ಕೇಳ್ರಿ. ಬಣ್ಣದ ಗನ್ನು ಕೋಳಿ ಇದ್ದಂಗ್ರಿ, ಒಂದೊಂದ ಕಾಳ ಹೆಕ್ಕಿ ತಿಂತೈತಿ. ಉಸುಕಿನ ಗನ್ನು ಎಮ್ಮಿ. ಬಾಯಿ ಹಾಕಿತಂದ್ರ ಬಾನಿ ಖಾಲಿ! ನೀವು ಕೋಳಿ ನೋಡಿ ಮಷೀನ್ ತಂದು, ಎಮ್ಮಿ ಕಟ್ಟಿದರ ಹೆಂಗ್ರಿ?"

ಚಿಗವ್ವ ಎದ್ದು ನಿಂತಳು. ಕಣ್ಣು ಹೊಳೆಯುತ್ತಿದ್ದವು. "ಆಕ್ಸಿಜನ್!" ಎಂದು ಕೂಗಿದಳು. ಚಾಚಾ ಗಾಬರಿಯಾಗಿ ತಮಗೇ ಬೇಕಾಗಿದೆಯೇನೋ ಎಂಬಂತೆ ಎದೆ ಮುಟ್ಟಿಕೊಂಡರು.

"ಆಕ್ಸಿಜನ್ ಇದ್ದಂಗ ಐತ್ರಿ ಇದು! ಸಿಲಿಂಡರಿನಾಗ ಒತ್ತಡ ಎಷ್ಟರ ಇರಲಿ, ಪೇಶಂಟಿಗೆ ನಿಮಿಷಕ್ಕ ಎಷ್ಟ ಲೀಟರ್ ಹೋಗತೈತಿ, ಅದ ಮುಖ್ಯ! ಮೂವತ್ತ ವರ್ಷ ಗೋಡಿ ಮ್ಯಾಗಿನ ಮೀಟರ್ ನೋಡೇನಿ, ಇದು ಹೊಳೀಲೇ ಇಲ್ಲ ನೋಡ್ರಿ ನನಗ!"

"ಹಾಂ, ಇನ್ನೊಂದ್ರಿ," ಅಂದರು ಚಾಚಾ. "ಗಾಳ್ಯಾಗ ನೀರಿನ ಅಂಶ ಇರತೈತಿ. ಟ್ಯಾಂಕಿನ ತಳದಾಗ ಕೂಡತೈತಿ. ಅದು ಬಣ್ಣದಾಗ ಸೇರಿದರ ಗುಳ್ಳಿ ಗುಳ್ಳಿ ಏಳತಾವು. ದಿನಾ ಕೆಳಗಿನ ನಲ್ಲಿ ಬಿಚ್ಚಿ ನೀರ ಬಸೀಬೇಕು. ತ್ರಾಸ ಅನ್ನಬಾರದು."

"ಚಾಚಾ, ಕೆಳಗಿನ ನಳಗಿ ಬಿಚ್ಚಿ ನೀರ ಬಸಿಯೋದು ನನಗ ಹೇಳಿಕೊಡ್ತೀರೇನ್ರಿ? ವಾರ್ಡಿನಾಗ ಸಾವಿರ ಮಂದೀಗೆ ಬಸದೇನಿ!"

ಚಾಚಾ ಅಂದು ನಕ್ಕ ನಗೆಗೆ ಹಸಿ ಬಣ್ಣದ ಟ್ರೇಲರಿನ ಮೇಲೆ ಕೈ ಊರಿಬಿಟ್ಟರು. ಐದು ಬೆರಳು ಮೂಡಿದ ಆ ಟ್ರೇಲರ್ ಇವತ್ತಿಗೂ ಬಾದಾಮಿ ಕಡೆ ಓಡಾಡುತ್ತಿರಬೇಕು.

ಕೋಳಿಯ ವಿಚಾರ ತಿಳಿಯಿತು, ಎಮ್ಮೆಯನ್ನು ಕಣ್ಣಾರೆ ನೋಡಬೇಕಲ್ಲ? ಉಸುಕು ಹೊಡೆದು ಕಲ್ಲಿನ ಮೇಲೆ ಅಕ್ಷರ ಕೆತ್ತುವವರು ಇಳಕಲ್ಲಿನಲ್ಲಿ ಇದ್ದಾರೆ ಎಂದು ಚಾಚಾ ಹೇಳಿದ್ದರು. ಮುಂದಿನ ವಾರ ಕಾಕಾನ ಕಾರು ತೆಗೆದೆವು. ಕಾಕಾ ಹಿಂದಿನ ಸೀಟಿನಲ್ಲಿ ಮಲಗಿದರು. ಅವರು ಒಳ್ಳೆಯ ಮನುಷ್ಯ; ಅವರ ಬಗ್ಗೆ ಹೇಳಲು ಇರುವುದೂ ಇದೊಂದೇ, ಅವರು ಮಲಗುತ್ತಾರೆ. ಹುನಗುಂದದಲ್ಲಿ ಐದು ನಿಮಿಷ ಚಹಾಕ್ಕೆ ನಿಲ್ಲಿಸಿದ್ದು ಎರಡು ತಾಸಾಯಿತು. "ಸಿಸ್ಟರ್ ಬಾಯಾರ, ನೀವ ಹೆರಿಗಿ ಮಾಡಿಸಿದ ಹುಡುಗ್ರಿ ಇಂವ!" ಎಂದು ಮೀಸೆ ಬಿಟ್ಟ ಗಂಡಸರನ್ನು ಜನ ಎಳೆದು ತಂದು ನಿಲ್ಲಿಸುತ್ತಿದ್ದರು. ಚಿಗವ್ವ ಅವರ ಕೆನ್ನೆ ಹಿಂಡಿ, "ಹುಟ್ಟಿದಾಗ ಎರಡ ಕಿಲೋನೂ ಇರಲಿಲ್ಲ ಭಾಡ್ಯಾ" ಅನ್ನುತ್ತಿದ್ದಳು.

ಇಳಕಲ್ಲಿನ ಕಲ್ಲಿನ ಕಾರ್ಖಾನೆಯಲ್ಲಿ ಮನೆಯಷ್ಟು ದೊಡ್ಡ ಕಂಪ್ರೆಸರ್ ಗುಡುಗುತ್ತಿತ್ತು. ಚಿಗವ್ವ ಹಬ್ಬಕ್ಕೆ ಬಂದವಳ ಹಾಗೆ ಅದರ ಸುತ್ತ ಒಂದು ಸುತ್ತು ಹಾಕಿದಳು. ಒಳಗೆ ಒಬ್ಬ ಕಾರ್ಮಿಕ ಗುಲಾಬಿ ಕಲ್ಲಿನ ಹಲಗೆಗೆ ಸ್ಟಿಕ್ಕರ್ ಅಂಟಿಸಿ, ಅದರಲ್ಲಿ ಅಕ್ಷರದಷ್ಟೇ ಜಾಗ ಕತ್ತರಿಸಿ ತೆಗೆದು, ಮೇಲೆ ಉಸುಕು ಹೊಡೆಯುತ್ತಿದ್ದ. ಸ್ಟಿಕ್ಕರ್ ಇದ್ದಲ್ಲಿ ಕಲ್ಲು ಹಾಗೇ ಉಳಿಯುತ್ತದೆ, ಬಿಟ್ಟಲ್ಲಿ ಕೊರೆಯುತ್ತದೆ. ಎಂಥ ಸೊಗಸಾದ ಕೆಲಸ! ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಚಿಗವ್ವ ನೋಡುತ್ತಿದ್ದುದು ಕಲ್ಲನ್ನಲ್ಲ, ಆ ಮನುಷ್ಯನನ್ನು. ಅವನ ಮೂಗಿಗೆ ಒಂದು ತೆಳು ವಸ್ತ್ರ ಮಾತ್ರ ಇತ್ತು. ಹುಬ್ಬು, ಮೀಸೆ ಎಲ್ಲ ಬೆಳ್ಳಗೆ ಧೂಳು.

"ಬಂದ್ ಮಾಡಪ ಅದನ್ನ," ಅಂದಳು. ವಾರ್ಡಿನ ದನಿ ಅದು. ಯಂತ್ರ ತಾನಾಗಿಯೇ ನಿಂತಿತೇನೋ ಅನ್ನಿಸಿತು. "ಎಷ್ಟ ವರ್ಷ ಆತು ಈ ಕೆಲಸಾ ಹಿಡದು?"

"ಒಂಬತ್ತಾತ್ರಿ."

"ಕೆಮ್ಮ ಐತಿ?"

"ಮುಂಜಾನಿ ಅಷ್ಟ ಬರತೈತ್ರಿ."

ಸ್ಟೆತಾಸ್ಕೋಪು ಆ ದಿನ ಮೊದಲ ಸಲ ಮನುಷ್ಯನ ಎದೆಗೆ ಹೋಯಿತು. ಬಹಳ ಹೊತ್ತು ಕೇಳಿದಳು. ಆಮೇಲೆ ಮಾಲೀಕನ ಕಡೆ ತಿರುಗಿದಳು. ಅವನು ಮೊದಲು ಸಿಡಿಮಿಡಿಗೊಂಡ: "ನೀವು ಮಷೀನ್ ನೋಡಾಕ ಬಂದೀರೋ, ಮಂದೀನ ನೋಡಾಕ ಬಂದೀರೋ?"

"ಎರಡೂ ಗಾಳಿ ಮ್ಯಾಲ ನಡೀತಾವ್ರಿ. ಮಷೀನಿನ ಬಾಯಿಗೆ ಫಿಲ್ಟರ್ ಹಾಕೀರಿ. ಇವನ ಬಾಯಿಗೆ ಯಾಕ ಹಾಕಿಲ್ಲ?"

ಮಾಲೀಕ ಕೆಟ್ಟ ಮನುಷ್ಯನೇನೂ ಅಲ್ಲ. ಯಾರೂ ಹಾಗೆ ಕೇಳಿರಲಿಲ್ಲ, ಅಷ್ಟೇ. ಎದುರಿನ ಅಂಗಡಿಗೆ ತಾನೇ ಹೋಗಿ ಗಟ್ಟಿ ಮಾಸ್ಕುಗಳನ್ನು ತಂದ. ಮರುದಿನ ಎಕ್ಸ್‌ರೇಗೆ ಕಳಿಸುತ್ತೇನೆ ಅಂದ. ಚಿಗವ್ವ ಅವನ ಫೋನ್ ನಂಬರ್ ಬರೆದುಕೊಂಡು ಮರುದಿನ ಮಾತ್ರವಲ್ಲ, ಮೂರು ವಾರ ಬಿಡದೆ ಫೋನ್ ಮಾಡಿದಳು. ಆ ಕಾರ್ಮಿಕನ ಎದೆಗೆ ಇನ್ನೂ ದೊಡ್ಡ ಪೆಟ್ಟು ಬಿದ್ದಿಲ್ಲ, ಧೂಳು ಬಿಟ್ಟರೆ ಸುಧಾರಿಸುತ್ತದೆ ಎಂದು ಡಾಕ್ಟರು ಹೇಳಿದ ದಿನ ನಮಗೆಲ್ಲ ಹೋಳಿಗೆ ಊಟ! ಅವನು ಈಗ ಅಲ್ಲೇ ಕಲ್ಲು ಅಳೆಯುವ ಕೆಲಸದಲ್ಲಿದ್ದಾನೆ.

ಹೊರಡುವಾಗ ಆ ಮಾಲೀಕನೇ ಗುಟ್ಟು ಹೇಳಿಕೊಟ್ಟ: "ಮನ್ಯಾಗ ಮಾಡೋದಾದ್ರ ಬಯಲಾಗ ಬ್ಯಾಡ್ರಿ. ಹೊಳಿ ಉಸುಕಂತೂ ಮುಟ್ಟಬ್ಯಾಡ್ರಿ, ಅದರ ಧೂಳ ಕೆಟ್ಟದ್ದು. ಗಾರ್ನೆಟ್ ಕಲ್ಲಿನ ಪುಡಿ ಸಿಗತೈತಿ, ಅದನ್ನ ತರ್ರಿ. ಗಾಜಿನ ಮುಚ್ಚಳದ ಪೆಟಿಗಿ ಮಾಡಿ, ಎರಡ ತೂತಿಗೆ ರಬ್ಬರ್ ಗ್ಲೌಸ್ ಹಾಕಿ, ಒಳಗ ಕೈ ಇಟ್ಟ ಹೊಡೀರಿ. ಸಣ್ಣ ನಾಜಲ್ ಇಟಗೋರಿ. ಮೂರ ಎಚ್‌ಪಿ, ಎರಡ ಸಿಲಿಂಡರ್, ಬೆಲ್ಟಿನ ಮಷೀನ್, ದೊಡ್ಡ ಟ್ಯಾಂಕ್. ಸಾಕು ನಿಮಗ. ನಡುವ ನಡುವ ಟ್ಯಾಂಕ್ ತುಂಬೂತನಕ ನಿಂದರಬೇಕಷ್ಟ."

"ಗಾಜಿನ ಪೆಟಿಗಿ, ಎರಡ ತೂತು, ಒಳಗ ಕೈ..." ಚಿಗವ್ವನ ಮುಖ ಅರಳಿತು. "ದಿನಾ ತುಂಬಲಾರದ ಹುಟ್ಟಿದ ಕೂಸನ್ನ ಇಡೂ ಪೆಟಿಗಿ!"

ಕಂಪ್ರೆಸರ್ ಬಂದ ದಿನ ಓಣಿಗೆ ಓಣಿಯೇ ಹೊರಗಿತ್ತು. ಟಂಟಂ ಆಟೋದಿಂದ ಇಳಿಸಲು ಆರು ಜನ ಬೇಕಾಯಿತು. ಚಿಗವ್ವ ವಿಭೂತಿ ಹಚ್ಚಿ, ಹೂವು ಏರಿಸಿ, ಸ್ಟೆತಾಸ್ಕೋಪು ಇಟ್ಟು, "ಎದಿ ಕ್ಲಿಯರ್ ಐತಿ!" ಎಂದು ಸಾರಿ ಸ್ವಿಚ್ ಒತ್ತಿದಳು. ಒಳಗೆ ಮಲಗಿದ್ದ ಕಾಕಾ ಹಾಸಿಗೆಯಿಂದ ನೇರ ಅಂಗಳಕ್ಕೆ ಬಂದು ನಿಂತರು. ನಡುವಿನ ಬಾಗಿಲು ಅವರು ಮುಟ್ಟಿದ್ದನ್ನು ಯಾರೂ ನೋಡಿಲ್ಲ! ಪಾಪ, ಒಂದು ವಾರ ಒದ್ದಾಡಿದರು. ಎರಡನೆಯ ವಾರ ನಾನು ಹೋದಾಗ ಯಂತ್ರ ಧಡಧಡ ಎನ್ನುತ್ತಿತ್ತು, ಕಾಕಾ ಗೊರಕೆ ಹೊಡೆಯುತ್ತಿದ್ದರು. ಯಂತ್ರ ನಿಂತಿತು. ಕಾಕಾ ದಿಗ್ಗನೆ ಎದ್ದು ಕೂತು, "ಯಾಕ, ಕರೆಂಟ್ ಹೋತೇನ?" ಅಂದರು.

ಗಾಜಿನ ಪೆಟ್ಟಿಗೆಯೂ ತಯಾರಾಯಿತು. ಆಮೇಲೆ ಬಣ್ಣದ ಹಬ್ಬ ಶುರುವಾಯಿತು. ಗೇಟು, ಮಂಚ, ಹೊಲಿಗೆ ಯಂತ್ರ, ಪಕ್ಕದ ಮನೆಯ ಸೈಕಲ್ಲು, ಅದರ ಪಕ್ಕದ ಮನೆಯ ನೀರಿನ ಡ್ರಮ್ಮು! ಎಲ್ಲಕ್ಕೂ ಒಂದೇ ಬಣ್ಣ, ದವಾಖಾನೆಯ ತಿಳಿಹಸಿರು. ಬೇರೆ ಬಣ್ಣ ಕೇಳಿದವರಿಗೆ "ಇದು ಕಣ್ಣಿಗೆ ತಂಪು" ಅನ್ನುತ್ತಿದ್ದಳು. ಮೊದಲೇ ನವನಗರದಲ್ಲಿ ಒಂದು ಮನೆಯಂತೆ ಇನ್ನೊಂದು. "ಹಸರ ಗೇಟಿನ ಮನಿ" ಎಂದು ಗುರುತು ಹೇಳಿಸಿಕೊಂಡು ಬಂದ ಕೊರಿಯರಿನವನು ಹನ್ನೆರಡು ಹಸಿರು ಗೇಟಿನ ನಡುವೆ ನಿಂತು ನನಗೆ ಫೋನ್ ಮಾಡಿದಾಗ ಅಳುವುದೊಂದು ಬಾಕಿ!

ಇದೇ ಹುರುಪಿನಲ್ಲಿ ಒಂದು ದಿನ ಚಿಗವ್ವ ನಮ್ಮ ಮನೆಗೆ ಬಂದಳು. ನಮ್ಮ ಗೇಟನ್ನು ಬಿಚ್ಚಿ ಒಯ್ಯುವ ಆಸೆ ಅವಳಿಗೆ. ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ಹೋದ ವರ್ಷ ಸಕ್ಕರೆ ಕಾಯಿಲೆ ಅವ್ವನ ಎರಡೂ ಕಣ್ಣು ತೆಗೆದುಕೊಂಡಿತ್ತು. ಅಷ್ಟು ಜನರ ಕಣ್ಣಿಗೆ ಔಷಧ ಹಾಕಿದ ಚಿಗವ್ವನಿಗೆ ಅಕ್ಕನ ಕಣ್ಣು ಮಸುಕಾಗುತ್ತಿದ್ದುದು ತಿಳಿದದ್ದು ತಡವಾಗಿ. ಅವ್ವ ಯಾರಿಗೂ ಹೇಳಿರಲಿಲ್ಲ. ಅದರ ಬಗ್ಗೆ ಅಕ್ಕ ತಂಗಿ ಇಬ್ಬರೂ ಎಂದೂ ಮಾತಾಡಿದ್ದಿಲ್ಲ.

ಹೊಸ್ತಿಲ ಬಳಿ ಚಿಗವ್ವ ನಿಂತಳು. "ಇದೇನ ಇದು, ಕಾಲಾಗ ಹತ್ತಾಕತ್ತೈತಿ?"

"ಸ್ಟಿಕ್ಕರ್ ರಂಗೋಲಿ ಅಂತ," ಒಳಗಿನಿಂದ ಅವ್ವ ಅಂದಳು. "ನನ್ನ ಸೊಸಿ ಅಂಟಿಸ್ಯಾಳ, ಪಾಪ. ಆಕಿಗೆ ಮುಂಜಾನೆದ್ದು ಡ್ಯೂಟಿಗೆ ಹೋಗೂದಿರತೈತಿ. ನನ್ನ ಕೈಲೆ ಆಗೂದಿಲ್ಲ. ಚುಕ್ಕಿ ಎಲ್ಲಿ ಇಟ್ಟೆ ಅಂತ ನನಗ ತಿಳೀಬೇಕಲ್ಲ."

ಅವ್ವ ಇದನ್ನು ಹೇಳಿದ್ದು ದೂರಿನಂತಲ್ಲ, ಸುಮ್ಮನೆ ಮಾತಿಗೆ. ಆದರೆ ಚಿಗವ್ವ ಗೇಟಿನ ಮಾತೇ ಎತ್ತಲಿಲ್ಲ. ಚಹಾ ಕೂಡ ಕುಡಿಯದೆ ಹೊರಟು ಹೋದಳು. ಹತ್ತು ದಿನ ಸುದ್ದಿಯಿಲ್ಲ. ಕಾಕಾ ಫೋನಿನಲ್ಲಿ ಪಿಸುಗುಟ್ಟಿದರು: "ತಮ್ಮಾ, ನಿಮ್ಮ ಚಿಗವ್ವ ಕಣ್ಣಿಗೆ ದವಾಖಾನಿ ಪಟ್ಟಿ ಕಟಗೊಂಡು ಶೆಡ್ಡಿನಾಗ ಕುಂತಾಳ. ಗಾಜಿನ ಪೆಟಿಗ್ಯಾಗ ಪುಡಿ ಹೊಡದ ಕಲ್ಲ ಸವರತಾಳ, ಬಾಜೂಕ ಇಡತಾಳ, ಮತ್ತೊಂದ ಸವರತಾಳ. ನನಗ ಅಂಜಿಕಿ ಆಗಾಕತ್ತೈತಿ."

ಹನ್ನೊಂದನೆಯ ದಿನ ಬೆಳಿಗ್ಗೆ ಚಿಗವ್ವ ಬಂದಳು. ಟಂಟಂನಲ್ಲಿ ಒಂದು ಕಲ್ಲು; ಇಳಕಲ್ಲಿನ ಗುಲಾಬಿ ಕಲ್ಲು, ಎರಡು ಅಡಿ ಚೌಕ. ನಾನೂ ಅವಳೂ ಸೇರಿ ಹೊಸ್ತಿಲ ಮುಂದೆ ಇಳಿಸಿದೆವು. ಅವಳು ಒಳಗೆ ಹೋಗಿ ಅವ್ವನ ಕೈ ಹಿಡಿದು ಕರೆತಂದು, ಕಲ್ಲಿನ ಮುಂದೆ ಕೂಡಿಸಿ, ಅವ್ವನ ಬಲಗೈಯನ್ನು ಅದರ ಮೇಲೆ ಇಟ್ಟಳು.

"ಏನಲೇ ಇದು, ತಣ್ಣಗ?" ಅಂದಳು ಅವ್ವ. ಆಮೇಲೆ ಅವಳ ತೋರುಬೆರಳು ಒಂದು ಕಡೆ ನಿಂತಿತು. ಅಲ್ಲೊಂದು ಸಣ್ಣ ಕುಳಿ. ಸ್ವಲ್ಪ ಸರಿದರೆ ಮತ್ತೊಂದು, ಮತ್ತೊಂದು. ಅವ್ವನ ತುಟಿ ಅಲ್ಲಾಡತೊಡಗಿತು. "ಒಂದ... ಎರಡ... ಮೂರ..." ಸಾಲು ಮುಗಿಸಿ, ಕೆಳಗಿನ ಸಾಲಿಗೆ ಇಳಿದು, ಅದನ್ನೂ ಎಣಿಸಿ, ತಲೆಯೆತ್ತಿದಳು.

"ಚುಕ್ಕಿ ಏಳಕ್ಕ ಏಳು?"

"ಏಳಕ್ಕ ಏಳು, ಅಕ್ಕ," ಅಂದಳು ಚಿಗವ್ವ.

ಅವ್ವ ಕೈ ಚಾಚಿದಳು. ನಾನು ಓಡಿ ಹೋಗಿ ರಂಗೋಲಿ ಡಬ್ಬಿ ತಂದೆ. ಎಡಗೈಯ ಬೆರಳು ಮುಂದಿನ ಕುಳಿಯನ್ನು ಹುಡುಕುತ್ತಿತ್ತು, ಬಲಗೈಯಿಂದ ಬಿಳಿ ಗೆರೆ ಇಳಿಯುತ್ತಿತ್ತು. ಒಂದು ಸುತ್ತು, ಒಂದು ಬಳ್ಳಿ, ಒಂದು ಎಸಳು. ನಾವು ಇಬ್ಬರೂ ಬಗ್ಗಿ ನೋಡುತ್ತ ನಿಂತಿದ್ದೆವು. ಕೊನೆಯ ಗೆರೆಯನ್ನು ಎಳೆದು ಅವ್ವ ಕೈ ಕೊಡವಿಕೊಂಡಳು.

"ಕೂಡೇತಿಲ್ಲ?"

ಕೂಡಿರಲಿಲ್ಲ. ಮೂಲೆಯಲ್ಲಿ ಗೆರೆ ಚುಕ್ಕಿಯನ್ನು ತಪ್ಪಿಸಿಕೊಂಡು ಎರಡು ಬೆರಳು ಆಚೆ ಹೋಗಿತ್ತು. ಭಾಳ ಚಂದ ಕೂಡೇತವ್ವ ಎಂದು ಹೇಳಲು ನಾನು ಬಾಯಿ ತೆರೆದೆ. ಚಿಗವ್ವ ನನ್ನ ತೋಳು ಒತ್ತಿ ತಡೆದಳು. ಅಕ್ಕನ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಇಲ್ಲಕ್ಕ. ಒಂದ ಗೆರಿ ಆ ಕಡೆ ಹೋಗೇತಿ."

ಅವ್ವ ಒಂದು ವರ್ಷದಿಂದ ನಾನು ಕೇಳದಿದ್ದ ಒಂದು ನಗೆ ನಕ್ಕಳು.

"ಹಂಗಾದ್ರ ಅಳಿಸು," ಅಂದಳು. "ಮತ್ತೊಮ್ಮಿ ಹಾಕತೇನಿ."

ಚಿಗವ್ವ ಸೀರೆಯ ಸೆರಗಿನಿಂದ ಕಲ್ಲನ್ನು ಒರೆಸಿದಳು. ಅವ್ವನ ಬೆರಳು ಆಗಲೇ ಮೊದಲ ಚುಕ್ಕಿಯನ್ನು ಹುಡುಕುತ್ತಿತ್ತು.